ಯುದ್ಧ ಮುಗಿದ ಮೇಲೆ ಬಂದ ತೀರ್ಪು

ಸಂಪಾದಕರಿಗೆ,

ಅಮೆರಿಕದ ಅಧ್ಯಕ್ಷರ ಯುದ್ಧಕಾಲದ ಅಧಿಕಾರ ಕುರಿತ ವರದಿ ಓದಿದೆ. ಆ ಅಧಿಕಾರಕ್ಕೆ ಕಡಿವಾಣ ಬೀಳಬೇಕಾದ್ದು ಯುದ್ಧ ನಡೆಯುವಾಗಲೇ, ಮುಗಿದ ಮೇಲಲ್ಲ.

1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾದಾಗ ಅಲ್ಲಿನ ಕಾಂಗ್ರೆಸ್ (ಅವರ ಸಂಸತ್ತು) ಅಧಿವೇಶನ ಇರಲಿಲ್ಲ. ಅಧ್ಯಕ್ಷ ಲಿಂಕನ್ ತಾವೇ ಹೇಬಿಯಸ್ ಕಾರ್ಪಸ್ ಹಕ್ಕನ್ನು, ಅಂದರೆ ಬಂಧಿತರನ್ನು ಕೋರ್ಟಿನ ಮುಂದೆ ತಂದು ಬಂಧನಕ್ಕೆ ಕಾರಣ ಕೊಡಿ ಎಂದು ಕೇಳುವ ಹಕ್ಕನ್ನು, ತಡೆಹಿಡಿದರು. ಸೈನ್ಯ ಹಿಡಿದಿಟ್ಟಿದ್ದ ಮೇರಿಲ್ಯಾಂಡ್‌ನ ಜಾನ್ ಮೆರಿಮನ್ ಪರ ಮುಖ್ಯ ನ್ಯಾಯಮೂರ್ತಿ ಟ್ಯಾನಿ, ಅವರನ್ನು ಕೋರ್ಟಿಗೆ ಹಾಜರುಪಡಿಸಿ ಎಂದು ಆದೇಶ ಕೊಟ್ಟರು. ಅದನ್ನು ಪಾಲಿಸದ ಸೇನಾಧಿಕಾರಿಗೆ ನೋಟಿಸ್ ಕೊಡಲು ಹೋದ ಕೋರ್ಟಿನ ಅಧಿಕಾರಿಯನ್ನು ಕೋಟೆ ಬಾಗಿಲಲ್ಲೇ ತಡೆದು ಕಳಿಸಿದರು! ಸಾಮಾನ್ಯ ಕೋರ್ಟುಗಳು ನಡೆಯುತ್ತಿರುವಾಗ ನಾಗರಿಕರನ್ನು ಸೇನೆ ವಿಚಾರಣೆ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1866ರಲ್ಲಿ, ಮಿಲಿಗನ್ ಪ್ರಕರಣದಲ್ಲಿ. ಅಷ್ಟೊತ್ತಿಗೆ ಯುದ್ಧ ಮುಗಿದು ವರ್ಷವಾಗಿತ್ತು. ಲಿಂಕನ್ ದೊಡ್ಡವರು, ನಿಜ. ಆದರೆ ಆ ಕುರ್ಚಿಯಲ್ಲಿ ಯಾವಾಗಲೂ ಅಂಥವರೇ ಕೂರುವುದಿಲ್ಲ, ಅಲ್ವಾ?

ತುರ್ತುಪರಿಸ್ಥಿತಿಯಲ್ಲಿ ನಾವೂ ಇದೇ ಪೆಟ್ಟು ತಿಂದೆವು. ಆಮೇಲೆ ಬಂದ ಸಂವಿಧಾನದ 44ನೇ ತಿದ್ದುಪಡಿ ಪ್ರಕಾರ, ತುರ್ತು ಘೋಷಣೆಗೆ ಒಂದು ತಿಂಗಳೊಳಗೆ ಸಂಸತ್ತಿನ ಒಪ್ಪಿಗೆ ಬೇಕು. 20 ಮತ್ತು 21ನೇ ವಿಧಿಯ ಹಕ್ಕುಗಳಿಗಾಗಿ (ಅನ್ಯಾಯದ ಶಿಕ್ಷೆಯಿಂದ ರಕ್ಷಣೆ, ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಹಕ್ಕು) ಕೋರ್ಟಿಗೆ ಹೋಗುವುದನ್ನು ಆಗಲೂ ತಡೆಯುವಂತಿಲ್ಲ. ಅಮೆರಿಕದಲ್ಲೂ ಇಂಥದೊಂದು ಗಡುವು ಇರಲಿ: ಅಧ್ಯಕ್ಷರು ಹಕ್ಕು ತಡೆಹಿಡಿದರೆ, ತಿಂಗಳೊಳಗೆ ಕಾಂಗ್ರೆಸ್ ಒಪ್ಪದಿದ್ದಲ್ಲಿ ಆ ಆದೇಶ ತಾನಾಗಿಯೇ ಬಿದ್ದುಹೋಗಬೇಕು.

– ಒಬ್ಬ ಓದುಗ, ಧಾರವಾಡ