ಅತ್ತೆಗೆ, ಮತ್ತು ನಮ್ಮ ಗ್ಯಾರೇಜಿಗೆ ಬಂದುಹೋದ ಎಲ್ಲರಿಗೂ

ಗಾಡಿ ಓಡುತ್ತಿದೆ. ಕೆಲಸವೂ ಸಿಕ್ಕಿದೆ. ಎರಡೂ ಸುದ್ದಿ ಈಗಾಗಲೇ ನಿಮ್ಮ ಕಿವಿಗೆ ಬಿದ್ದಿರುತ್ತೆ. ಒಬ್ಬೊಬ್ಬರಿಗೇ ಫೋನ್ ಮಾಡಿ ಥ್ಯಾಂಕ್ಸ್ ಹೇಳೋಕೆ ಹೊರಟರೆ ಯಾರನ್ನಾದರೂ ಬಿಟ್ಟೇಬಿಡುತ್ತೇನೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಕೆಲಸ ಹೋದ ಕಥೆಯನ್ನು ಮತ್ತೆ ಹೇಳಲ್ಲ. ಊರಿನವರಿಗೆ ಗೊತ್ತಿರಲಿ ಅಂತ ಒಂದು ಮಾತು ಅಷ್ಟೇ. ಅಮೆರಿಕದಲ್ಲಿ ಎಚ್-1ಬಿ ಅನ್ನೋ ಕೆಲಸದ ವೀಸಾದಲ್ಲಿ ಇರೋರಿಗೆ ಕೆಲಸ ಹೋದರೆ ಸಿಗೋದು ಹೆಚ್ಚೆಂದರೆ 60 ದಿನ. ಅಷ್ಟರೊಳಗೆ ಇನ್ನೊಂದು ಕಂಪನಿ ನಮ್ಮ ಹೆಸರಲ್ಲಿ ಅರ್ಜಿ ಹಾಕಬೇಕು. ಇಲ್ಲದಿದ್ದರೆ ಬೇರೆ ವೀಸಾ ಹುಡುಕಬೇಕು, ಅಥವಾ ಪೆಟ್ಟಿಗೆ ಕಟ್ಟಬೇಕು. ನನಗೆ ಆ ಮೇಲ್ ಬಂದ ದಿನ ನನ್ನ 1972ರ ಶೆವ್ರೊಲೆ ಸಿ-10 ಪಿಕಪ್ ಗಾಡಿ ಗ್ಯಾರೇಜಿನಲ್ಲಿ ನಾಲ್ಕು ಸ್ಟ್ಯಾಂಡ್ ಮೇಲೆ ನಿಂತಿತ್ತು. ಬಾನೆಟ್ ಗೋಡೆಗೆ ಒರಗಿತ್ತು. ಹಳೇ ಆರು ಸಿಲಿಂಡರಿನ ಇಂಜಿನ್ ಮೂಲೆಯಲ್ಲಿ, ಹೊಸದು ಸರಪಳಿಯಲ್ಲಿ. ಮಾರಿಬಿಡೋಣ ಅಂದರೂ ಆ ಸ್ಥಿತಿಯಲ್ಲಿ ಗುಜರಿಯವನೂ ಮೂಸಿ ನೋಡುತ್ತಿರಲಿಲ್ಲ.

ಅಪಘಾತವಾಗಿ ಗುಜರಿ ಸೇರಿದ್ದ 2002ರ ಸಿಲ್ವರಾಡೋ ಪಿಕಪ್‌ನಿಂದ 5.3 ಲೀಟರಿನ ವಿ-8 ಇಂಜಿನ್ ಹುಡುಕಿಕೊಟ್ಟ ಪಕ್ಕದ ಮನೆಯ ಹಿರಿಯರು, ನಾನು ಕೇಳುವ ಮೊದಲೇ ಇಂಜಿನ್ ಎತ್ತೋ ಹಾಯ್ಸ್ಟ್ ತಂದು ನಿಲ್ಲಿಸಿದ ಪಕ್ಕದೂರು ರೌಂಡ್ ರಾಕ್‌ನ ಗೆಳೆಯ, ಗಾಡಿಯ ಎತ್ತರ ತಗ್ಗಿಸಿದಾಗ ಹಿಂದಿನ ಆಕ್ಸಲ್ ಬಡಿಯದ ಹಾಗೆ ಚಾಸಿಯಲ್ಲಿ ಅರ್ಧಚಂದ್ರ ಕತ್ತರಿಸಿ ಪ್ಲೇಟ್ ಬೆಸೆದುಕೊಟ್ಟ ವೆಲ್ಡರ್, ಇಂಜಿನ್ ಕಂಪ್ಯೂಟರಿನ ಕಳ್ಳತನ ತಡೆಯೋ ಲಾಕ್ ತೆಗೆದುಕೊಟ್ಟ ಹೂಸ್ಟನ್ ಹುಡುಗ, ರೆಫರಲ್ ಹಾಕಿದವರು, ರೆಸ್ಯೂಮೆ ತಿದ್ದಿದವರು, ಬಿಸಿಬೇಳೆಬಾತ್ ಡಬ್ಬಿ ಬಾಗಿಲಲ್ಲಿಟ್ಟು ಬೆಲ್ ಕೂಡ ಮಾಡದೆ ಹೋದವರು: ನಿಮಗೆಲ್ಲ ಥ್ಯಾಂಕ್ಸ್. ಹೆಂಡತಿಗೆ ಇಲ್ಲಿ ಬರೆದರೆ "ಊರೆಲ್ಲ ಓದೋ ಜಾಗದಲ್ಲಿ ಇದೆಲ್ಲ ಯಾಕೆ" ಅಂತಾಳೆ. ಅದನ್ನು ಮನೆಯಲ್ಲೇ ಹೇಳಿದ್ದೇನೆ.

ಉಳಿದ ಜಾಗವೆಲ್ಲ ನಮ್ಮ ಅತ್ತೆಗೆ.

ಅತ್ತೆ ತಿಪಟೂರು ಕಡೆಯವರು. ಮಗಳನ್ನು ನೋಡಿಕೊಂಡು, ಚಳಿಗಾಲ ಕಳೆದು ಹೋಗೋಣ ಅಂತ ಇಲ್ಲಿಗೆ, ಟೆಕ್ಸಾಸ್‌ನ ಆಸ್ಟಿನ್‌ಗೆ ಬಂದಿದ್ದರು. ಅವರು ಬಂದ ಮೇಲೆ ಅಳಿಯನ ಕೆಲಸ ಹೋಯಿತು. ಗಾಡಿ ವಿಷಯದಲ್ಲಿ ಅವರಿಗೆ ಮೊದಲಿನಿಂದಲೂ ತಕರಾರು. "ಊರಲ್ಲಿ ಜನ ಎತ್ತರದ ಗಾಡಿ ಬೇಕು ಅಂತ ಸಾಲ ಮಾಡ್ತಾರೆ. ನೀವು ದುಡ್ಡು ಕೊಟ್ಟು ತಗ್ಗಿಸ್ತಿದ್ದೀರಲ್ಲ?" ಅಂದರು. ನಾನು ಉತ್ಸಾಹದಲ್ಲಿ ಪೂರ್ತಿ ಪಾಠ ಮಾಡಿದೆ. ಮುಂದೆ ನಾಲ್ಕು ಇಂಚು: ಎರಡೂವರೆ ಇಂಚು ಚಕ್ರ ಕೂರೋ ಸ್ಪಿಂಡಲ್ ಬದಲಾಯಿಸಿದ್ದರಿಂದ, ಉಳಿದದ್ದು ಗಿಡ್ಡ ಸ್ಪ್ರಿಂಗ್‌ನಿಂದ. ಹಿಂದೆ ಆರು ಇಂಚು. ಅಷ್ಟು ಇಳಿಸಿದರೆ ಆಕ್ಸಲ್ ಪೂರ್ತಿ ಒಂದು ಪಕ್ಕಕ್ಕೆ ಸರಿಯುತ್ತೆ, ಅದನ್ನು ಮಧ್ಯಕ್ಕೆ ತರೋಕೆ ಉದ್ದದ ಇನ್ನೊಂದು ರಾಡ್ ಬೇಕು. ಎಲ್ಲ ಕೇಳಿಸಿಕೊಂಡು, "ಹಂಪ್ ಬಂದರೆ?" ಅಂದರು. ಈ ಪ್ರಶ್ನೆಗೆ ನನ್ನ ಹತ್ತಿರ ಇವತ್ತಿಗೂ ಒಳ್ಳೆ ಉತ್ತರ ಇಲ್ಲ.

ಆ ಕಾಲದ ಸಿ-10ರಲ್ಲಿ ಪೆಟ್ರೋಲ್ ಟ್ಯಾಂಕ್ ಇರೋದು ಕ್ಯಾಬಿನ್ ಒಳಗೆ, ಸೀಟಿನ ಬೆನ್ನ ಹಿಂದೆ. ಇದನ್ನು ಅತ್ತೆಗೆ ತೋರಿಸಿದ್ದೇ ತಡ, ಅದು ಅಲ್ಲಿರೋ ತನಕ ಮಗಳು ಆ ಗಾಡಿ ಹತ್ತಬಾರದು ಅಂತ ಆರ್ಡರ್ ಆಯಿತು. ಹೊಸ ಇಂಜಿನ್‌ಗೆ ಜಾಸ್ತಿ ಒತ್ತಡದ ಪಂಪ್ ಹೇಗೂ ಬೇಕಿತ್ತು. ಹಾಗಾಗಿ ಹಿಂಭಾಗದಲ್ಲಿ, ಸಾಮಾನು ಹೇರೋ ಬೆಡ್ ಕೆಳಗೆ ಹೊಸ ಟ್ಯಾಂಕ್ ಕೂರಿಸಿದೆ. ಆ ಖರ್ಚಿನ ಶ್ರೇಯಸ್ಸು ಅತ್ತೆಗೇ ಸೇರಬೇಕು.

ಈಗ ಆ ರಾತ್ರಿಗೆ ಬರುತ್ತೇನೆ.

ಮಧ್ಯಾಹ್ನ ಒಂದು ಕಂಪನಿಯಿಂದ ಬೇಡ ಅಂತ ಮೇಲ್ ಬಂದಿತ್ತು. ಸುತ್ತಿನ ಮೇಲೆ ಸುತ್ತು ಇಂಟರ್‌ವ್ಯೂ ಮಾಡಿ, ಇದೇ ಗ್ಯಾರಂಟಿ ಅನ್ನೋ ಆಸೆ ಹುಟ್ಟಿಸಿದ್ದ ಕಂಪನಿ. ಗಡುವು ಹತ್ತಿರ ಬರುತ್ತಿತ್ತು. ಒಂದಾದರೂ ಒಳ್ಳೇದಾಗಲಿ ಅಂತ ಊಟ ಮುಗಿಸಿ ಗ್ಯಾರೇಜಿಗೆ ಹೋದೆ. ಅತ್ತೆ ನೀರಿನ ಚೊಂಬು ಹಿಡಿದು ಹಿಂದೆಯೇ ಬಂದರು. "ನಿದ್ದೆ ಬರ್ತಿಲ್ಲ, ಇಲ್ಲೇ ಕೂತಿರ್ತೀನಿ" ಅಂದರು. ನಿಜ ಹೇಳಬೇಕೆಂದರೆ ಅವರಿಗೆ ಒಂಬತ್ತು ಗಂಟೆಗೇ ತೂಕಡಿಕೆ ಬರುತ್ತೆ.

ಹೊಸದಾಗಿ ಕೂರಿಸಿದ ಇಂಜಿನನ್ನು ಸೀದಾ ಸ್ಟಾರ್ಟ್ ಮಾಡಲ್ಲ. ಪೆಟ್ರೋಲೂ ಕಿಡಿಯೂ ಹೋಗದ ಹಾಗೆ ಕಳಚಿ, ಬರೀ ಸ್ಟಾರ್ಟರ್‌ನಿಂದ ತಿರುಗಿಸಬೇಕು. ಆಯಿಲ್ ಪ್ರೆಶರ್ ಏರಿದ ಮೇಲೇ ಮುಂದಿನ ಮಾತು. ಮೀಟರ್ ಬಾನೆಟ್ ಹತ್ತಿರ ನೇತಾಡುತ್ತಿತ್ತು. ಅದರ ಮೇಲೆ ಟಾರ್ಚ್ ಬಿಟ್ಟು ಮುಳ್ಳು ನೋಡೋ ಕೆಲಸ ಅತ್ತೆಯದು. ನಾನು ಕೀ ತಿರುಗಿಸಿದೆ. "ಎದ್ದಿತಾ ಅತ್ತೆ?" "ಇಲ್ಲ." ಸ್ಟಾರ್ಟರ್ ತಣ್ಣಗಾಗಲಿ ಅಂತ ಬಿಟ್ಟು ಮತ್ತೆ ತಿರುಗಿಸಿದೆ. "ಇಲ್ಲ." ಆಯಿಲ್ ಫಿಲ್ಟರ್ ಬಿಚ್ಚಿ ನೋಡಿದರೆ ಒಣಗಿಕೊಂಡಿತ್ತು. ಒಂದು ತೊಟ್ಟು ಎಣ್ಣೆ ಮೇಲೆ ಬಂದಿರಲಿಲ್ಲ.

ನೆಲದ ಮೇಲೆ ಕುಸಿದು ಕೂತೆ. ಅಳು ಬಂತು. ತಡೆಯೋಕಾಗಲಿಲ್ಲ. ಹೆಣ್ಣು ಕೊಟ್ಟ ಅತ್ತೆಯ ಎದುರು ಅಳಿಯ ಹೀಗೆ ಬಿಕ್ಕಿ ಬಿಕ್ಕಿ ಅಳೋದು ನಮ್ಮಲ್ಲಿ ಎಲ್ಲಿದೆ ಹೇಳಿ? "ನಿಮ್ಮ ಮಗಳನ್ನ ಯಾಕಾದ್ರೂ ಇಲ್ಲಿಗೆ ಕರ್ಕೊಂಡು ಬಂದೆನೋ" ಅಂದೆ. ಇನ್ನೂ ಏನೇನೋ ಅಂದೆ. ಅವೆಲ್ಲ ಇಲ್ಲಿ ಬೇಡ.

ಅತ್ತೆ ಸಮಾಧಾನ ಮಾಡಲಿಲ್ಲ. ಎಲ್ಲ ಸರಿಹೋಗುತ್ತೆ, ದೇವರಿದ್ದಾನೆ, ಯಾವ ಮಾತೂ ಇಲ್ಲ. ಕೈಯಲ್ಲಿದ್ದ ಟಾರ್ಚನ್ನು ಫೆಂಡರ್ ಮೇಲಿಟ್ಟು ಗೋಡೆ ಕಡೆ ತಿರುಗಿಸಿದರು. ನನ್ನ ಮುಖದ ಮೇಲೆ ಬೆಳಕು ಬೀಳದ ಹಾಗೆ. ಚೊಂಬು ನನ್ನ ಪಕ್ಕಕ್ಕೆ ತಳ್ಳಿ, ತಮ್ಮ ಕುರ್ಚಿಯಲ್ಲಿ ಕೂತರು. ಎಷ್ಟು ಹೊತ್ತೋ ಗೊತ್ತಿಲ್ಲ. ನಾನು ಮೂಗು ಒರೆಸಿಕೊಂಡ ಮೇಲೆ ಕೇಳಿದರು.

"ಪಂಪು ತಿರುಗ್ತಿದೆಯಾ?"

"ತಿರುಗ್ತಿದೆ."

"ಕೆಳಗೆ ಎಣ್ಣೆ ಇದೆಯಾ?"

"ಇದೆ."

"ಹಂಗಿದ್ರೆ ಎಲ್ಲೋ ಗಾಳಿ ಎಳೀತಿದೆ. ನಮ್ಮ ತೋಟದ ಬಾವಿ ಪಂಪೂ ಹಿಂಗೇ ಆಡೋದು. ಜಾಯಿಂಟ್ ನೋಡಿ."

ಈ ಇಂಜಿನ್ ಬಲ್ಲವರಿಗೆ ಈಗಾಗಲೇ ಗೊತ್ತಾಗಿರುತ್ತೆ. ಗಾಡಿ ತಗ್ಗಿದ ಮೇಲೆ ಇಂಜಿನ್ ತಳದಲ್ಲಿ ಎಣ್ಣೆ ನಿಲ್ಲೋ ಹಳೇ ಆಯಿಲ್ ಪ್ಯಾನ್ ನೆಲಕ್ಕೆ ತೀರಾ ಹತ್ತಿರ ಆಗುತ್ತಿತ್ತು. ಅದಕ್ಕೆ ಆಳ ಕಡಿಮೆ ಇರೋ ಪ್ಯಾನ್ ಹಾಕಿದ್ದೆವು, ಅದರ ಜೊತೆ ಬಂದ ಎಣ್ಣೆ ಎಳೆಯೋ ಕೊಳವೆಯನ್ನೂ ಹಾಕಿದ್ದೆವು. ಆ ಕೊಳವೆ ಮುಂದಿನ ಪಂಪಿಗೆ ಸೇರೋ ಕಡೆ ಒಂದು ರಬ್ಬರ್ ರಿಂಗ್ ಇದೆ. ಅದು ಸರಿಯಾಗಿ ಕೂರದಿದ್ದರೆ ಪಂಪ್ ಎಣ್ಣೆ ಬಿಟ್ಟು ಗಾಳಿ ಎಳೆಯುತ್ತೆ. ಪರೀಕ್ಷೆ ಸುಲಭ. ಎರಡು ಕ್ವಾರ್ಟ್, ಅಂದರೆ ಹೆಚ್ಚು ಕಡಿಮೆ ಎರಡು ಲೀಟರ್ ಎಣ್ಣೆ ಜಾಸ್ತಿ ಸುರಿದು ಆ ಜಾಯಿಂಟನ್ನೇ ಮುಳುಗಿಸಬೇಕು. ಸುರಿದೆ. ತಿರುಗಿಸಿದೆ.

"ಎದ್ದಿತು!" ಅಂತ ಅತ್ತೆ ಕೂಗಿದ್ದಕ್ಕೆ ಎದುರು ಮನೆ ನಾಯಿ ಬೊಗಳಿತು.

ಆಮೇಲೆ ಮಲಗಲಿಲ್ಲ, ಇಬ್ಬರೂ. ಎಣ್ಣೆ ಇಳಿಸಿ, ಹಾಯ್ಸ್ಟ್ ಹಾಕಿ ಇಂಜಿನ್ ಸ್ವಲ್ಪ ಎತ್ತಿ ಪ್ಯಾನ್ ಬಿಚ್ಚಿದೆ. ಬಿಚ್ಚಿದ ಬೋಲ್ಟುಗಳನ್ನೆಲ್ಲ ಅತ್ತೆ ಇಡ್ಲಿ ತಟ್ಟೆಯ ಗುಳಿಗಳಲ್ಲಿ ಜೋಡಿಸಿಟ್ಟರು. ಉದ್ದದ್ದು ಒಂದು ಗುಳಿಗೆ, ಗಿಡ್ಡದ್ದು ಇನ್ನೊಂದಕ್ಕೆ. ಕೊಳವೆ ಜೊತೆ ಬಂದಿದ್ದ ರಿಂಗ್ ತೆಳ್ಳಗಿತ್ತು. ಸರಿಯಾದ ದಪ್ಪದ್ದು ಬೆಳಗ್ಗೆ ಅಂಗಡಿ ತೆರೆದಾಗ ಸಿಕ್ಕಿತು. ಒಂದು ಕಾಫಿಗಿಂತ ಅಗ್ಗ.

ಅತ್ತೆ ಇಂಜಿನ್ ರಿಪೇರಿ ಮಾಡಿದರು ಅಂತ ನಮ್ಮ ಗುಂಪಿನಲ್ಲಿ ಈ ಕಥೆ ಈಗ ತಮಾಷೆಯಾಗಿ ಓಡಾಡುತ್ತಿದೆ. ಓಡಾಡಲಿ. ಆದರೆ ಆ ರಿಂಗಿನ ವಿಷಯ ಮರುದಿನ ಫೋನ್ ಮಾಡಿದ್ದರೆ ಹೂಸ್ಟನ್ ಹುಡುಗನೂ ಎರಡು ನಿಮಿಷದಲ್ಲಿ ಹೇಳುತ್ತಿದ್ದ. ಆ ಟಾರ್ಚ್ ತಿರುಗಿಸಿಡೋದನ್ನು ಯಾರೂ ಫೋನಿನಲ್ಲಿ ಹೇಳಿಕೊಡುತ್ತಿರಲಿಲ್ಲ. ಬೆಳಗ್ಗೆ ಉಪ್ಪಿಟ್ಟು ಬಡಿಸುವಾಗ ಮಗಳು ಕೇಳಿದ್ದಕ್ಕೆ "ಗಾಡಿ ಕೆಲಸ ಜಾಸ್ತಿ ಇತ್ತು" ಅಂದರು. ಅಷ್ಟೇ. ಆ ರಾತ್ರಿ ನಾನು ಆಡಿದ ಮಾತು ಇವತ್ತಿನವರೆಗೂ ಅವರ ಬಾಯಿಂದ ಹೊರಗೆ ಬಂದಿಲ್ಲ. ನನ್ನ ಹೆಂಡತಿಗೆ ಇದು ಗೊತ್ತಾಗುತ್ತಿರೋದು ಈ ಬರಹ ಓದುವಾಗಲೇ.

ಅತ್ತೆ, ಕಾಲಿಗೆ ಬಿದ್ದರೆ "ಏಳಿ ಏಳಿ" ಅಂತೀರಿ, ಅದಕ್ಕೇ ಬರೆದು ಹೇಳುತ್ತಿದ್ದೇನೆ. ಆ ಕತ್ತಲಲ್ಲಿ ನೀವು ಎದ್ದು ಒಳಗೆ ಹೋಗಿದ್ದರೆ ನಾನು ಮಾರನೇ ದಿನ ಇನ್ನೊಂದು ಅರ್ಜಿ ಹಾಕುತ್ತಿರಲಿಲ್ಲ. ಹಾಕಿದೆ. ಕೊನೆಗೆ ಕೆಲಸ ಸಿಕ್ಕಿದ್ದೂ ಅದರಿಂದಲೇ.

ಇನ್ನೊಂದು ವಿಷಯ. ಮಂಡಿ ನೋವಿನಿಂದ ಅತ್ತೆಗೆ ಮೊದಲು ಈ ಗಾಡಿ ಹತ್ತೋಕೆ ಸ್ಟೂಲ್ ಬೇಕಿತ್ತು. ಈಗ ಕುರ್ಚಿಯಲ್ಲಿ ಕೂತ ಹಾಗೆ ಸೀದಾ ಕೂರುತ್ತಾರೆ. ಹೋದ ಭಾನುವಾರ ದೇವಸ್ಥಾನಕ್ಕೆ ಇದರಲ್ಲೇ ಹೋದೆವು. ತಗ್ಗಿಸಿದ್ದು ತಮಗೋಸ್ಕರವೇ ಅಂತ ಅಲ್ಲಿ ಸಿಕ್ಕವರಿಗೆಲ್ಲ ಹೇಳಿದರು. ನಾನು ಸುಮ್ನಿದ್ದೆ.

ಹಾಯ್ಸ್ಟ್ ಈ ಶನಿವಾರ ವಾಪಸ್ ತರುತ್ತೇನೆ. ನನ್ನ 10 ಎಂಎಂ ಸಾಕೆಟ್ ಯಾರ ಡಬ್ಬಿ ಸೇರಿದೆಯೋ, ದಯವಿಟ್ಟು ಕೊಟ್ಟುಬಿಡಿ. ಮನೆ ಬದಲಾಯಿಸೋರಿಗೆ ಗಾಡಿ ಬೇಕಿದ್ದರೆ ಸಂಕೋಚ ಇಲ್ಲದೆ ಕೇಳಿ, ಡ್ರೈವರ್ ಸಮೇತ ಬರುತ್ತೆ. ಸೋಫಾ, ಮಂಚ ಎಲ್ಲ ಸರಿ. ಜಲ್ಲಿ, ಮರಳು ಮಾತ್ರ ಬೇಡ. ಹಿಂದೆ ಆರು ಇಂಚು ಇಳಿದಿದೆ.