ಒಂದು ವಿಷಯದಲ್ಲಿ ನಪಾಸಾದರೆ ಒಂದು ವರ್ಷವೇಕೆ ಹೋಗಬೇಕು?

ಮಾನ್ಯ ಸಂಪಾದಕರೇ,

ಎಂಜಿನಿಯರಿಂಗ್ ಕಾಲೇಜುಗಳ ಸೆಮಿಸ್ಟರ್ ಫಲಿತಾಂಶ ಬಂದಾಗಲೆಲ್ಲ ರ‍್ಯಾಂಕ್ ಪಡೆದವರ ಬಗ್ಗೆ ಬರೆಯುತ್ತೇವೆ, ಉತ್ತೀರ್ಣರಾದವರ ಶೇಕಡಾವಾರು ಲೆಕ್ಕ ಹಾಕುತ್ತೇವೆ. ಕಡ್ಡಾಯ ವಿಷಯವೊಂದರಲ್ಲಿ ನಪಾಸಾದ ವಿದ್ಯಾರ್ಥಿ ಅದನ್ನು ಮತ್ತೆ ತೆಗೆದುಕೊಳ್ಳಲು ಎಷ್ಟು ಕಾಲ ಕಾಯಬೇಕು, ಅಷ್ಟರಲ್ಲಿ ಏನೇನು ಕಳೆದುಕೊಳ್ಳುತ್ತಾನೆ ಎಂಬುದು ಮಾತ್ರ ಚರ್ಚೆಗೆ ಬರುವುದೇ ಇಲ್ಲ. ಬೆಂಗಳೂರಿನಲ್ಲಿ ದೀರ್ಘಕಾಲ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಗಣಿತ ಕಲಿಸಿ ನಿವೃತ್ತಳಾಗಿರುವ ನಾನು, ಈ ವಿಚಾರವನ್ನು ನಿಮ್ಮ ಪತ್ರಿಕೆಯ ಮೂಲಕ ವಿಶ್ವವಿದ್ಯಾಲಯಗಳ ಮತ್ತು ಉನ್ನತ ಶಿಕ್ಷಣ ಇಲಾಖೆಯ ಗಮನಕ್ಕೆ ತರಬಯಸುತ್ತೇನೆ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಸ್ಕೀಮ್ (ಪಠ್ಯ ಮತ್ತು ಪರೀಕ್ಷಾ ನಿಯಮಾವಳಿ) ಪ್ರಕಾರ ಥಿಯರಿ ವಿಷಯಕ್ಕೆ ಆಂತರಿಕ ಮೌಲ್ಯಮಾಪನದ 50 ಅಂಕಗಳಲ್ಲಿ ಕನಿಷ್ಠ 20, ಸೆಮಿಸ್ಟರ್ ಪರೀಕ್ಷೆಯ 50 ಅಂಕಗಳಲ್ಲಿ ಕನಿಷ್ಠ 18 ಪಡೆಯಬೇಕು. ಎರಡೂ ಸೇರಿ 40 ಆಗಲೇಬೇಕು. ಹಾಗಾಗಿ 20 ಮತ್ತು 18 ಪಡೆದು ಎರಡೂ ಗಡಿಗಳನ್ನು ದಾಟಿದ ವಿದ್ಯಾರ್ಥಿಯೂ ಒಟ್ಟು 38ಕ್ಕೆ ನಿಂತು ನಪಾಸಾಗುತ್ತಾನೆ. ಕನಿಷ್ಠ ಅಂಕ ಇರಬಾರದೆಂದು ನಾನು ಹೇಳುತ್ತಿಲ್ಲ. ಗಣಿತ ಬಾರದೆ ಎಂಜಿನಿಯರ್ ಆಗುವುದು ಯಾರಿಗೂ ಒಳ್ಳೆಯದಲ್ಲ. ನನ್ನ ಆಕ್ಷೇಪವಿರುವುದು ನಪಾಸಾದ ನಂತರದ ವ್ಯವಸ್ಥೆಯ ಬಗ್ಗೆ. ಸೆಮಿಸ್ಟರ್ ಪರೀಕ್ಷೆಯಲ್ಲಿ ಸೋತವರು ಮುಂದಿನ ಪರೀಕ್ಷೆ ಬರುವವರೆಗೆ ಕಾಯ್ದರೆ ಸಾಕು. ಇಂಟರ್ನಲ್ಸ್‌ನಲ್ಲಿ, ಅಂದರೆ ಕಾಲೇಜಿನ ಆಂತರಿಕ ಮೌಲ್ಯಮಾಪನದಲ್ಲಿ, ಕನಿಷ್ಠ ಅಂಕ ಬಾರದವರ ಪಾಡು ಬೇರೆ: ಅವರು ಆ ವಿಷಯದ ಸೆಮಿಸ್ಟರ್ ಪರೀಕ್ಷೆಗೆ ಅರ್ಹತೆಯನ್ನೇ ಕಳೆದುಕೊಳ್ಳುತ್ತಾರೆ ಮತ್ತು ಕಾಲೇಜು ಅದನ್ನು ಮತ್ತೆ ಬೋಧಿಸುವವರೆಗೆ, ಸಾಮಾನ್ಯವಾಗಿ ಮುಂದಿನ ವರ್ಷದ ಅದೇ ಸೆಮಿಸ್ಟರ್‌ವರೆಗೆ, ಕಾದು, ಶುಲ್ಕ ಕಟ್ಟಿ ಮರುನೋಂದಣಿ ಮಾಡಿಸಿ, ಜೂನಿಯರ್‌ಗಳ ಜೊತೆ ತರಗತಿಯಲ್ಲಿ ಕೂತು ಹಾಜರಾತಿಯನ್ನೂ ಮೊದಲಿನಿಂದ ಗಳಿಸಬೇಕಾಗುತ್ತದೆ.

ಈ ನಿರ್ಬಂಧಕ್ಕೆ ಹೆಚ್ಚಾಗಿ ಸಿಕ್ಕಿಬೀಳುವವರು ಸೋಮಾರಿಗಳಲ್ಲ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಡಿಪ್ಲೊಮಾ ಮುಗಿಸಿ ಅವರಿಗಾಗಿಯೇ ಇರುವ ಪ್ರವೇಶ ಪರೀಕ್ಷೆ ಡಿಸಿಇಟಿ ಮೂಲಕ ನೇರವಾಗಿ ಮೂರನೇ ಸೆಮಿಸ್ಟರ್‌ಗೆ ಬರುವ ಮಕ್ಕಳ ಸೀಟು ಹಂಚಿಕೆ ಎಷ್ಟೋ ಬಾರಿ ಮುಗಿಯುವ ಹೊತ್ತಿಗೆ ತರಗತಿಗಳು ಶುರುವಾಗಿ ವಾರಗಳೇ ಕಳೆದಿರುತ್ತವೆ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಅಪ್ರೆಂಟಿಸ್ ಆಗಿದ್ದು ಬಂದ ಹುಡುಗನೊಬ್ಬ ನನ್ನ ತರಗತಿಗೆ ಕಾಲಿಟ್ಟಾಗ ಮೊದಲ ಇಂಟರ್ನಲ್ಸ್ ಹತ್ತಿರ ಬಂದಿತ್ತು. ಫೋರಿಯರ್ ಶ್ರೇಣಿ ಅವನಿಗೆ ಹೊಸದು, ಅದಕ್ಕೆ ಬೇಕಾದ ಸಮಾಕಲನ ಅಭ್ಯಾಸ ತಪ್ಪಿಹೋಗಿತ್ತು. ಕೊನೆಯ ಟೆಸ್ಟ್ ಹೊತ್ತಿಗೆ ಅವನು ಪಕ್ಕದ ಬೆಂಚಿನವರಿಗೆ ಹೇಳಿಕೊಡುವಷ್ಟು ಕಲಿತಿದ್ದ. ಆದರೂ ಮೊದಲ ಟೆಸ್ಟ್‌ನ ಅಂಕ ಸರಾಸರಿಯನ್ನು ಕೆಳಗೆಳೆಯಿತು. ಸೆಮಿಸ್ಟರ್ ಪರೀಕ್ಷೆ ಬರೆಯಲು ಬಿಟ್ಟಿದ್ದರೆ ಅವನು ಖಂಡಿತ ಪಾಸಾಗುತ್ತಿದ್ದ, ಬಿಡಲಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಸರ್ಕಾರಿ ಪಿಯು ಕಾಲೇಜಿನಿಂದ ಸಿಇಟಿ ಮೂಲಕ ಬರುವವರು ಮೊದಲ ಸೆಮಿಸ್ಟರ್‌ನಲ್ಲಿ ಎಡವುವುದೂ ಹೀಗೆಯೇ. ಬುದ್ಧಿ ಕಡಿಮೆಯೆಂದಲ್ಲ, ಇಂಗ್ಲಿಷ್ ಪಾಠಕ್ಕೆ ಒಗ್ಗಿಕೊಳ್ಳುವಷ್ಟರಲ್ಲಿ ಅರ್ಧ ಸೆಮಿಸ್ಟರ್ ಮುಗಿದಿರುತ್ತದೆ.

ಇನ್ನೊಂದು ಬಗೆಯ ಕಷ್ಟ ಕೊನೆಯ ವರ್ಷ ಮುಗಿಸಿದವರದು. ಎಂಟೂ ಸೆಮಿಸ್ಟರ್ ದಾಟಿ, ಹಿಂದಿನದೊಂದು ವಿಷಯ ಮಾತ್ರ ಉಳಿದಿದ್ದರೂ ಪದವಿ ಪ್ರಮಾಣಪತ್ರ ಸಿಗುವುದಿಲ್ಲ, ಮತ್ತು ಬಾಕಿ ವಿಷಯಗಳಿಲ್ಲದವರನ್ನು ಮಾತ್ರ ತೆಗೆದುಕೊಳ್ಳುವ ಕಂಪನಿಗಳು ಸಂದರ್ಶನಕ್ಕೂ ಕರೆಯುವುದಿಲ್ಲ. ಆ ವಿಷಯ ಇಂಟರ್ನಲ್ಸ್‌ನಲ್ಲಿ ಹೋಗಿದ್ದರೆ ಅದಕ್ಕಾಗಿ ವಾರಕ್ಕೆ ಮೂರ್ನಾಲ್ಕು ತರಗತಿಗಳಿಗೆ ಬೆಳಗಿನ ಹೊತ್ತಿನಲ್ಲಿ ಕಾಲೇಜಿಗೆ ಬರಬೇಕು. ಸಂಬಳದ ಕೆಲಸ ಹಿಡಿಯಲು ಇದು ಬಿಡುವುದಿಲ್ಲ. ಕೋಲಾರ, ತುಮಕೂರು, ಚಿಕ್ಕಬಳ್ಳಾಪುರದ ಕಡೆಯವರು ಆ ಒಂದು ವಿಷಯಕ್ಕಾಗಿ ಇಲ್ಲಿ ಪಿಜಿ ಬಾಡಿಗೆ ಕಟ್ಟುತ್ತಾ ಕೂರಬೇಕು, ಇಲ್ಲವೇ ನಸುಕಿನ ರೈಲು ಹಿಡಿದು ಬಂದು ಹೋಗಬೇಕು. ಶಿಕ್ಷಣ ಸಾಲಕ್ಕೂ ಇದರ ಬಿಸಿ ತಟ್ಟುತ್ತದೆ. ಸಾಮಾನ್ಯವಾಗಿ ಕೋರ್ಸ್ ಅವಧಿ ಮುಗಿದ ಒಂದು ವರ್ಷದ ನಂತರ ಮರುಪಾವತಿ ಆರಂಭವಾಗುವುದರಿಂದ, ಕೈಯಲ್ಲಿ ಪದವಿಯೂ ಇಲ್ಲದೆ ಕೆಲಸವೂ ಇಲ್ಲದೆ ಕಂತು ಕಟ್ಟುವ ಸ್ಥಿತಿ ಬಂದೊದಗಬಹುದು.

ಮರುಪರೀಕ್ಷೆ ಬೇಗ ಕೊಟ್ಟರೆ ಗುಣಮಟ್ಟ ಕುಸಿಯುತ್ತದೆ ಎಂಬ ಮಾತನ್ನು ಸಹೋದ್ಯೋಗಿಗಳಿಂದಲೇ ಎಷ್ಟೋ ಬಾರಿ ಕೇಳಿದ್ದೇನೆ. ಈ ಮಾತಿಗೆ ಉತ್ತರ ನಮ್ಮ ರಾಜ್ಯದಲ್ಲಿಯೇ ಇದೆ. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ 2024ರಿಂದ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳನ್ನು ನಡೆಸುತ್ತಿದೆ, ಪೂರಕ ಪರೀಕ್ಷೆ ಎಂಬ ಹಣೆಪಟ್ಟಿಯನ್ನೂ ತೆಗೆದುಹಾಕಿದೆ, ಮತ್ತು ಬರೆದವುಗಳಲ್ಲಿ ಹೆಚ್ಚು ಬಂದ ಅಂಕವನ್ನು ಉಳಿಸಿಕೊಳ್ಳಲು ಅವಕಾಶ ಕೊಟ್ಟಿದೆ. ಮಾರ್ಚ್‌ನಲ್ಲಿ ಭೌತಶಾಸ್ತ್ರದಲ್ಲಿ ನಪಾಸಾದ ಪಿಯು ವಿದ್ಯಾರ್ಥಿನಿ ಅದೇ ವರ್ಷ ಪಾಸಾಗಿ ಕಾಲೇಜು ಸೇರಬಲ್ಲಳು. ಲಕ್ಷಾಂತರ ಮಕ್ಕಳಿಗೆ ಮಂಡಳಿಗೆ ಸಾಧ್ಯವಾದದ್ದು, ಅದಕ್ಕಿಂತ ಎಷ್ಟೋ ಕಡಿಮೆ ವಿದ್ಯಾರ್ಥಿಗಳಿರುವ ವಿಶ್ವವಿದ್ಯಾಲಯಗಳಿಗೆ ಏಕೆ ಸಾಧ್ಯವಾಗಬಾರದು? ಪ್ರಶ್ನೆಪತ್ರಿಕೆಯ ಮಟ್ಟ ಅದೇ, ಕನಿಷ್ಠ ಅಂಕ ಅದೇ ಎಂದಾದ ಮೇಲೆ, ಕೆಲವೇ ವಾರಗಳಲ್ಲಿ ಮರುಪರೀಕ್ಷೆ ಬರೆದು ಪಾಸಾದವರ ಜ್ಞಾನ ಒಂದು ವರ್ಷದ ನಂತರ ಪಾಸಾದವರಿಗಿಂತ ಕಡಿಮೆಯೆನ್ನಲು ಕಾರಣವೇ ಇಲ್ಲ. ಗಣಿತದ ಮಟ್ಟಿಗಂತೂ ನನ್ನ ಅನುಭವ ಇದಕ್ಕೆ ವಿರುದ್ಧವಾಗಿದೆ: ಪಾಠದ ನೆನಪು ಹಸಿಯಾಗಿರುವಾಗಲೇ ತಪ್ಪು ತಿದ್ದಿಕೊಂಡವರಿಗೆ ವಿಷಯ ದಕ್ಕುತ್ತದೆ. ವರ್ಷದ ಬಳಿಕ ಬರುವವರು ಮಾದರಿ ಪ್ರಶ್ನೆಗಳನ್ನು ಬಾಯಿಪಾಠ ಮಾಡಿ ಹೇಗೋ ದಾಟುತ್ತಾರೆ.

ನಗರದ ಕೆಲವು ಸ್ವಾಯತ್ತ ಕಾಲೇಜುಗಳು ಬೇಸಿಗೆಯಲ್ಲಿ ಕಿರು ಅವಧಿಯ ಪೂರಕ ಸೆಮಿಸ್ಟರ್ ನಡೆಸಿ, ನಪಾಸಾದ ವಿಷಯವನ್ನು ತರಗತಿಸಹಿತ ಮತ್ತೆ ಕಲಿಸಿ ಪರೀಕ್ಷೆ ಮಾಡುತ್ತವೆ. ಈ ಸೌಲಭ್ಯ ಎಲ್ಲ ಸಂಯೋಜಿತ ಕಾಲೇಜುಗಳಿಗೂ ಬರಬೇಕು. ಆಸುಪಾಸಿನ ನಾಲ್ಕೈದು ಕಾಲೇಜುಗಳು ಸೇರಿ ಒಂದೆಡೆ ತರಗತಿ ನಡೆಸಿದರೆ ಅಧ್ಯಾಪಕರ ಕೊರತೆಯೂ ಕಾಡದು. ಇಂಟರ್ನಲ್ಸ್‌ನಲ್ಲಿ ಮಾತ್ರ ಹಿಂದುಳಿದವರಿಗೆ ಇಡೀ ವಿಷಯದ ಮರುನೋಂದಣಿಯ ಬದಲು ಟೆಸ್ಟ್‌ಗಳನ್ನಷ್ಟೇ ಮತ್ತೆ ಬರೆಯುವ ಅವಕಾಶವಿರಬೇಕು, ಕೊನೆಯ ಸೆಮಿಸ್ಟರ್ ಮುಗಿಸಿದವರಿಗೆ ಹಾಜರಾತಿಯ ಷರತ್ತನ್ನು ಸಂಪೂರ್ಣವಾಗಿ ಕೈಬಿಡಬೇಕು. ಯುಜಿಸಿಯ 2021ರ ನಿಯಮಗಳು ಒಂದು ಸೆಮಿಸ್ಟರ್‌ನ ಕೋರ್ಸ್‌ಗಳಲ್ಲಿ ಶೇ 40ರವರೆಗೆ ಕೇಂದ್ರ ಸರ್ಕಾರದ ‘ಸ್ವಯಂ’ ವೇದಿಕೆಯ ಆನ್‌ಲೈನ್ ಕೋರ್ಸ್‌ಗಳ ಕ್ರೆಡಿಟ್ (ಪದವಿಗೆ ಲೆಕ್ಕಕ್ಕೆ ಬರುವ ಅಂಶ) ಪಡೆಯಲು ಅವಕಾಶ ಕೊಡುತ್ತವೆ. ನಪಾಸಾದ ವಿಷಯಕ್ಕೆ ಸಮಾನವಾದ, ಐಐಟಿಗಳು ಮತ್ತು ಐಐಎಸ್‌ಸಿ ‘ಸ್ವಯಂ’ನಲ್ಲಿ ಕೊಡುವ ಎನ್‌ಪಿಟಿಇಎಲ್ ಕೋರ್ಸ್ ಮುಗಿಸಿ, ಮೇಲ್ವಿಚಾರಣೆಯ ಪರೀಕ್ಷೆ ಬರೆದು ಪಾಸಾದವರಿಗೆ ಆ ಕ್ರೆಡಿಟ್ ಕೊಡುವುದು, ಊರಿಗೆ ಮರಳಿ ಕೆಲಸಕ್ಕೆ ಸೇರಿದವರಿಗೆ ಬಹಳ ದೊಡ್ಡ ಉಪಕಾರವಾಗುತ್ತದೆ. ಒಂದು ವಿಷಯ ಪಾಸಾಗದೆ ಮುಂದಿನದನ್ನು ತೆಗೆದುಕೊಳ್ಳುವಂತಿಲ್ಲ ಎಂಬ ಷರತ್ತು ನಿಜವಾಗಿ ಬೇಕಾಗುವ ಕೆಲವೇ ವಿಷಯಗಳಿಗೆ ಸೀಮಿತವಾಗಿರಲಿ; ಅಲ್ಲಿಯೂ ಎರಡನ್ನೂ ಒಟ್ಟಿಗೆ ಓದಲು ವಿಭಾಗದ ಮುಖ್ಯಸ್ಥರು ಅನುಮತಿ ಕೊಡುವಂತಿರಲಿ.

ಇವುಗಳಲ್ಲಿ ಹೆಚ್ಚಿನವಕ್ಕೆ ಹೊಸ ಕಾನೂನೇನೂ ಬೇಕಾಗಿಲ್ಲ, ವಿಶ್ವವಿದ್ಯಾಲಯದ ಶೈಕ್ಷಣಿಕ ಮಂಡಳಿಯಲ್ಲಿ ನಿಯಮಾವಳಿಗೆ ತಿದ್ದುಪಡಿಯಾದರೆ ಸಾಕು. ಬೆಸ ಸೆಮಿಸ್ಟರ್‌ನ ನೋಂದಣಿ ಆರಂಭವಾಗುವ ಮೊದಲು ಈ ತಿದ್ದುಪಡಿಗಳನ್ನು ಮಂಡಳಿಯ ಮುಂದಿಡಬೇಕೆಂದು ಕುಲಪತಿಗಳನ್ನೂ ಉನ್ನತ ಶಿಕ್ಷಣ ಸಚಿವರನ್ನೂ ಕೋರುತ್ತೇನೆ. ಕೇವಲ ಒಂದು ವಿಷಯ ಉಳಿದ ಕಾರಣಕ್ಕೆ ಪದವಿ ಸಿಗದವರು ಎಷ್ಟು ಮಂದಿ ಎಂಬ ಅಂಕಿ ಅಂಶವನ್ನೂ ವಿಶ್ವವಿದ್ಯಾಲಯವು ಫಲಿತಾಂಶದೊಂದಿಗೆ ಪ್ರಕಟಿಸಲಿ.

ಇತಿ,
ನಿವೃತ್ತ ಗಣಿತ ಅಧ್ಯಾಪಕಿ
ಹನುಮಂತನಗರ, ಬೆಂಗಳೂರು