ಹಾಕುವುದು ಕಡಿಮೆಯಾದ ಮೇಲೂ ಬೆಲೆ ಏಕೆ ಏರಿತು: ನಮ್ಮ ಸಾಬೂನಿನ ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ಈ ಸಲ ನಿಮ್ಮ ಕೈಸೇರಿದ ಸಾಬೂನಿನಲ್ಲಿ ಎಂದಿನ ಪರಿಮಳವಿರಲಿಲ್ಲ, ಹಸಿರು ಬಣ್ಣವಿರಲಿಲ್ಲ, ಹೊದಿಕೆಯ ಮೇಲೆ ‘ರಾಸಾಯನಿಕ ಮುಕ್ತ’ ಎಂಬ ಮಾತೂ ಇರಲಿಲ್ಲ. ಬೆಲೆ ಮಾತ್ರ ಮೊದಲಿಗಿಂತ ಹೆಚ್ಚಾಗಿತ್ತು. ಇದನ್ನು ನಾವು ಮುಂಚಿತವಾಗಿಯೇ ತಿಳಿಸಬೇಕಾಗಿತ್ತು. ವಿವರದ ಚೀಟಿ ಅಚ್ಚಾಗಿ ಬರುವಷ್ಟರಲ್ಲಿ ಸರಕು ಹೊರಟುಹೋಗಿತ್ತು ಎಂಬುದು ಕಾರಣವೇ ಹೊರತು ಸಮರ್ಥನೆಯಲ್ಲ, ಆದ್ದರಿಂದ ಮೊದಲು ಕ್ಷಮೆ ಕೋರುತ್ತೇವೆ. ಬದಲಾವಣೆ ಮಾಡಿದ್ದಕ್ಕೆ ಮಾತ್ರ ನಮಗೆ ಪಶ್ಚಾತ್ತಾಪವಿಲ್ಲ.

ಆಗಿರುವುದು ಇಷ್ಟು. ಬಿಲ್ಲೆ ಸಾಬೂನಿನಿಂದ ಸುಗಂಧ, ಬಣ್ಣ ಮತ್ತು ಲೋಹದ ಅಂಶಗಳನ್ನು ಕಟ್ಟಿಹಾಕುವ ಇಡಿಟಿಎ ಎಂಬ ಪದಾರ್ಥವನ್ನು ತೆಗೆದಿದ್ದೇವೆ. ಬಾಟಲಿಯಲ್ಲಿ ಬರುತ್ತಿದ್ದ ಕೈತೊಳೆಯುವ ದ್ರವವನ್ನು ಪೂರ್ತಿಯಾಗಿ ನಿಲ್ಲಿಸಿದ್ದೇವೆ. ಒಳಗೆ ಏನೇನಿದೆ ಎಂಬುದನ್ನು ಒಂದನ್ನೂ ಬಿಡದೆ ಹೊದಿಕೆಯ ಹಿಂಬದಿಯಲ್ಲಿ ಅಚ್ಚು ಹಾಕಿಸಿದ್ದೇವೆ.

ಇದೆಲ್ಲ ಶುರುವಾದದ್ದು ದ್ರವದ ಬಾಟಲಿಯಿಂದ. ನಮ್ಮ ಹಳೆಯ ಗ್ರಾಹಕರೊಬ್ಬರು ಒಂದು ದಿನ ಬಂದು, ಏನೂ ಹೇಳದೆ ಎರಡೂ ಕೈಗಳನ್ನು ಮೇಜಿನ ಮೇಲೆ ಚಾಚಿದರು. ಬೆರಳುಗಳ ಸಂದಿಯಲ್ಲಿ ಚರ್ಮ ಕೆಂಪಗಾಗಿ, ಒಣಗಿ, ಗೆಣ್ಣಿನ ಬಳಿ ಸಣ್ಣ ಸಣ್ಣ ಬಿರುಕು ಬಿಟ್ಟಿತ್ತು. ಅವರ ಕೆಲಸ ದಿನಕ್ಕೆ ಹತ್ತಾರು ಬಾರಿ ಕೈ ತೊಳೆಯಬೇಕಾದಂಥದ್ದು. ಚರ್ಮವೈದ್ಯರು ಬೆನ್ನಿಗೆ ಪಟ್ಟಿ ಅಂಟಿಸಿ ಮಾಡುವ ಅಲರ್ಜಿ ಪರೀಕ್ಷೆಯನ್ನು ಮಾಡಿದಾಗ ಪತ್ತೆಯಾದದ್ದು ಮೀಥೈಲ್‌ಐಸೋಥಯಾಜೋಲಿನೋನ್. ಅದು ನಮ್ಮ ದ್ರವದಲ್ಲಿದ್ದ ಸಂರಕ್ಷಕ, ಅಂದರೆ ದ್ರವ ಕೆಡದಂತೆ ಕಾಯುವ ಪದಾರ್ಥ. ಅವರು ಬಳಸುತ್ತಿದ್ದ ಬೇರೆ ವಸ್ತುಗಳಲ್ಲಿಯೂ ಅದು ಇದ್ದಿರಬಹುದು. ಆದರೆ ಅಂದು ಅವರು ಹಿಡಿದು ತಂದದ್ದು ನಮ್ಮ ಬಾಟಲಿಯನ್ನು.

ನಾವು ನಿಯಮ ಮೀರಿರಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಈ ಸಂರಕ್ಷಕವನ್ನು ಅಮೆರಿಕದ ಸಂಪರ್ಕ ಚರ್ಮರೋಗ ತಜ್ಞರ ಸಂಘವು 2013ರಲ್ಲಿ ‘ವರ್ಷದ ಅಲರ್ಜಿಕಾರಕ’ ಎಂದು ಗುರುತಿಸಿತು. ಯುರೋಪಿಯನ್ ಒಕ್ಕೂಟವು ಮೈಗೆ ಹಚ್ಚಿ ಹಾಗೆಯೇ ಬಿಡುವ ವಸ್ತುಗಳಲ್ಲಿ 2017ರಿಂದ ಇದನ್ನು ನಿಷೇಧಿಸಿ, ತೊಳೆದುಹೋಗುವ ವಸ್ತುಗಳಲ್ಲಿ ಹತ್ತು ಲಕ್ಷ ಭಾಗಕ್ಕೆ 15 ಭಾಗ ಎಂಬ ಮಿತಿಯನ್ನು ಹಾಕಿತು. ನಮ್ಮ ಪ್ರಮಾಣ ಆ ಮಿತಿಯ ಒಳಗೇ ಇತ್ತು. ಆದರೆ ಒಮ್ಮೆ ಅಲರ್ಜಿ ಬೆಳೆಸಿಕೊಂಡ ಚರ್ಮಕ್ಕೆ ಮಿತಿಯ ಲೆಕ್ಕ ತಿಳಿಯುವುದಿಲ್ಲ.

ಈ ಪದಾರ್ಥ ನಮ್ಮ ಬಾಟಲಿಗೆ ಬಂದ ಬಗೆಯನ್ನೂ ಹೇಳುತ್ತೇವೆ, ಏಕೆಂದರೆ ಅದರಲ್ಲಿ ನಿಮ್ಮದೂ ಸ್ವಲ್ಪ ಪಾಲಿದೆ. ಮೊದಲು ಅಲ್ಲಿದ್ದದ್ದು ಪ್ಯಾರಾಬೆನ್ ಎಂಬ ಬೇರೊಂದು ಸಂರಕ್ಷಕ. ಸ್ತನದ ಗಡ್ಡೆಯ ಅಂಗಾಂಶದಲ್ಲಿ ಪ್ಯಾರಾಬೆನ್ ಕಂಡುಬಂದಿತೆಂಬ ಒಂದು ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಗಡ್ಡೆಗೆ ಅದೇ ಕಾರಣವೆಂದು ಆ ಅಧ್ಯಯನ ಸಾಧಿಸಿರಲಿಲ್ಲ, ಆದರೆ ಸುದ್ದಿ ಹಬ್ಬಿದ್ದು ಹಾಗೆಯೇ. ಯುರೋಪಿನಲ್ಲಿ ಐದು ಬಗೆಯ ಪ್ಯಾರಾಬೆನ್‌ಗಳನ್ನು 2014ರಲ್ಲಿ ನಿಷೇಧಿಸಿದರೂ, ಮೀಥೈಲ್ ಮತ್ತು ಈಥೈಲ್ ಪ್ಯಾರಾಬೆನ್‌ಗಳಿಗೆ ನಿಗದಿತ ಮಿತಿಯೊಳಗೆ ಅನುಮತಿ ಮುಂದುವರಿಯಿತು. ‘ಪ್ಯಾರಾಬೆನ್ ಇಲ್ಲದ್ದು ಕೊಡಿ’ ಎಂದು ನೀವು ಕೇಳಿದಿರಿ, ನಾವು ತೆಗೆದೆವು, ‘ಪ್ಯಾರಾಬೆನ್ ಇಲ್ಲ’ ಎಂದು ದೊಡ್ಡ ಅಕ್ಷರದಲ್ಲಿ ಬರೆದುಕೊಂಡೆವು. ತೆರವಾದ ಜಾಗಕ್ಕೆ ಬಂದು ಕುಳಿತದ್ದು ಅಲರ್ಜಿಯ ಮಟ್ಟಿಗೆ ಅದಕ್ಕಿಂತ ಕೆಟ್ಟದ್ದು. ಅದೇ ಚರ್ಮರೋಗ ತಜ್ಞರ ಸಂಘವು 2019ರಲ್ಲಿ ಪ್ಯಾರಾಬೆನ್‌ಗಳನ್ನು ‘ವರ್ಷದ ಅಲರ್ಜಿಕಾರಕವಲ್ಲದ್ದು’ ಎಂದು ಹೆಸರಿಸಿತು ಎಂಬುದನ್ನು ಆಮೇಲೆ ಓದಿ ನಾವು ತಲೆಯ ಮೇಲೆ ಕೈಹೊತ್ತು ಕುಳಿತದ್ದುಂಟು.

ಸಂರಕ್ಷಕವೇ ಇಲ್ಲದೆ ದ್ರವ ಮಾಡಬಾರದೇ ಎಂದು ಹಲವರು ಕೇಳಿದ್ದೀರಿ. ಮಾಡಿ ನೋಡಿದೆವು. ಐದನೆಯ ವಾರಕ್ಕೆ ದ್ರವ ಮಬ್ಬಾಗಿ, ಮುಚ್ಚಳ ತೆರೆದರೆ ಹಳಸಿದ ವಾಸನೆ ಬಂತು. ಚರ್ಮದ ಆಮ್ಲೀಯತೆಗೆ ಹತ್ತಿರವಾಗಲೆಂದು ಆಮ್ಲ-ಕ್ಷಾರದ ಅಳತೆಯಾದ ಪಿಎಚ್ ಅನ್ನು 5.5ರ ಸುಮಾರಿಗೆ ಇಳಿಸಿದ ನೀರುನೀರಾದ ದ್ರವವೆಂದರೆ ಸೂಕ್ಷ್ಮಜೀವಿಗಳಿಗೆ ಒಳ್ಳೆಯ ವಾಸಸ್ಥಾನ. ಕೆಟ್ಟ ಬಾಟಲಿಯಿಂದ ಕೈ ತೊಳೆಯುವುದು ಸಂರಕ್ಷಕವಿರುವ ಬಾಟಲಿಯಿಂದ ತೊಳೆಯುವುದಕ್ಕಿಂತ ಅಪಾಯಕರ. ಬಿಲ್ಲೆಯಲ್ಲಿ ನೀರಿನ ಅಂಶ ಕಡಿಮೆ, ಕ್ಷಾರೀಯತೆ ಹೆಚ್ಚು. ಅದಕ್ಕೆ ಸಂರಕ್ಷಕವೇ ಬೇಕಿಲ್ಲ. ಆದ್ದರಿಂದ ಬಾಟಲಿಯನ್ನು ಬಿಟ್ಟು ಬಿಲ್ಲೆಯನ್ನು ಉಳಿಸಿಕೊಂಡೆವು.

ಸೂಕ್ಷ್ಮಜೀವಿಗಳನ್ನು ಕೊಲ್ಲಲೆಂದು ಸಾಬೂನಿಗೆ ಹಾಕುತ್ತಿದ್ದ ಟ್ರೈಕ್ಲೋಸಾನ್ ಬಗ್ಗೆ ವಿಚಾರಿಸಿದವರಿಗೆ ಒಂದೇ ಮಾತಿನ ಉತ್ತರ: ಅದನ್ನು ನಾವು ಎಂದೂ ಬಳಸಿಲ್ಲ. ‘ಕ್ರಿಮಿನಾಶಕ’ ಸಾಬೂನುಗಳು ಎಲ್ಲೆಡೆ ಓಡುತ್ತಿದ್ದ ಕಾಲದಲ್ಲಿ ನಮ್ಮದು ಸಪ್ಪೆಯೆಂದು ಅನ್ನಿಸಿಕೊಂಡದ್ದೂ ಹೌದು. ಸಾಮಾನ್ಯ ಸಾಬೂನು ಮತ್ತು ನೀರಿಗಿಂತ ಅವು ಮೇಲೆಂಬುದಕ್ಕೆ ತಯಾರಕರು ಸಾಕಷ್ಟು ಆಧಾರ ಒದಗಿಸಿಲ್ಲವೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2016ರಲ್ಲಿ ಟ್ರೈಕ್ಲೋಸಾನ್, ಟ್ರೈಕ್ಲೋಕಾರ್ಬಾನ್ ಸೇರಿದಂತೆ 19 ಪದಾರ್ಥಗಳನ್ನು ಜನಬಳಕೆಯ ಕ್ರಿಮಿನಾಶಕ ಸಾಬೂನುಗಳಿಂದ ಹೊರಗಿಟ್ಟಿತು. ಈ ಒಂದು ವಿಷಯದಲ್ಲಿ ನಮಗೆ ಸ್ವಲ್ಪ ಹೆಮ್ಮೆಯಿದ್ದರೆ ನೀವು ಮನ್ನಿಸಬೇಕು.

ಇನ್ನು ಸುಗಂಧದ ವಿಷಯ. ಹೊದಿಕೆಯ ಮೇಲೆ ‘ಸುಗಂಧ’ ಎಂಬ ಒಂದೇ ಪದದ ಹಿಂದೆ ಹತ್ತಾರು ಪದಾರ್ಥಗಳು ಅಡಗಿರಬಹುದು. ಸುಗಂಧ ತೈಲವನ್ನು ಕೊಡುವವರು ನಮಗೂ ಅವುಗಳ ಪೂರ್ಣ ಪಟ್ಟಿಯನ್ನು ಕೊಡುತ್ತಿರಲಿಲ್ಲ. ಹೂವಿನ ಪರಿಮಳಕ್ಕಾಗಿ ಬಹಳ ಕಡೆ ಬಳಕೆಯಲ್ಲಿದ್ದ ಲಿಲಿಯಾಲ್ ಎಂಬ ಪದಾರ್ಥವು ಸಂತಾನಶಕ್ತಿಗೆ ಹಾನಿಕರವೆಂದು ವರ್ಗೀಕರಣಗೊಂಡು 2022ರಲ್ಲಿ ಯುರೋಪಿನಲ್ಲಿ ನಿಷೇಧವಾದಾಗ, ನಮ್ಮ ತೈಲದಲ್ಲಿ ಅದು ಇದೆಯೇ ಎಂದು ಕೇಳಿ ಬರೆದೆವು. ‘ಮಿಶ್ರಣದ ಗುಟ್ಟು ಹೇಳಲಾಗದು’ ಎಂಬ ಉತ್ತರ ಬಂತು. ನಮಗೇ ಗೊತ್ತಿಲ್ಲದ್ದನ್ನು ನಿಮ್ಮ ಮೈಗೆ ಹಚ್ಚಲು ಕೊಡುವುದು ಸರಿಯಲ್ಲವೆಂದು ಆ ದಿನವೇ ತೀರ್ಮಾನಿಸಿದೆವು. ಹಾಗಾದರೆ ಲ್ಯಾವೆಂಡರ್ ಅಥವಾ ನಿಂಬೆಯ ನೈಸರ್ಗಿಕ ತೈಲ ಹಾಕಬಹುದಲ್ಲ ಎನ್ನುವವರಿಗೆ ಒಂದು ಮಾತು: ಆ ತೈಲಗಳಲ್ಲಿರುವ ಲಿನಲೂಲ್, ಲಿಮೊನೀನ್‌ಗಳು ಗಾಳಿಗೆ ತೆರೆದುಕೊಂಡು ಆಕ್ಸಿಡೀಕರಣಗೊಂಡಾಗ ಅವೂ ಅಲರ್ಜಿ ತರುತ್ತವೆ. ಗಿಡದಿಂದ ಬಂದದ್ದೆಂಬ ಮಾತ್ರಕ್ಕೆ ಚರ್ಮ ರಿಯಾಯಿತಿ ತೋರಿಸುವುದಿಲ್ಲ.

ಈಗ ನಾವು ಅತಿ ಹೆಚ್ಚು ಬಾರಿ ಕೇಳಿಸಿಕೊಂಡ ದೂರಿಗೆ ಬರುತ್ತೇವೆ. ‘ಸುಗಂಧ ತೆಗೆದಿರಿ, ಬಣ್ಣ ತೆಗೆದಿರಿ, ಇನ್ನೇನೋ ತೆಗೆದಿರಿ, ಹಾಗಿದ್ದರೆ ಬೆಲೆ ಇಳಿಯಬೇಕಿತ್ತು. ತೆಗೆದುಹಾಕಿದ್ದಕ್ಕೂ ದುಡ್ಡು ಕೇಳುತ್ತೀರಾ?’ ಈ ಪ್ರಶ್ನೆಯನ್ನು ನಗುತ್ತಾ ಕೇಳಿದವರಿದ್ದಾರೆ, ಸಿಟ್ಟಿನಿಂದ ಕೇಳಿದವರಿದ್ದಾರೆ, ‘ನೀವೂ ಶುರುಮಾಡಿದಿರಿ’ ಎಂದು ನೊಂದುಕೊಂಡವರೂ ಇದ್ದಾರೆ. ಕೊನೆಯ ಮಾತೇ ನಮಗೆ ಹೆಚ್ಚು ತಾಗಿತು.

ತೆಗೆದುಹಾಕಿದ ಒಂದೊಂದು ಪದಾರ್ಥವೂ ಅಲ್ಲಿ ಸುಮ್ಮನೆ ಕುಳಿತಿರಲಿಲ್ಲ. ಒಂದೊಂದು ಕೆಲಸ ಮಾಡುತ್ತಿತ್ತು. ಎಣ್ಣೆಯ ತೂಕದ ಶೇಕಡ 3ರಷ್ಟು ಹಾಕುತ್ತಿದ್ದ ಸುಗಂಧವು ಎಣ್ಣೆಯ ಸ್ವಂತ ವಾಸನೆಯನ್ನು ಮುಚ್ಚಿಡುತ್ತಿತ್ತು. ಎಣ್ಣೆ ತುಸು ಹಳೆಯದಾಗಿದ್ದರೂ ನಿಮಗೆ ತಿಳಿಯುತ್ತಿರಲಿಲ್ಲ, ನಿಜ ಹೇಳಬೇಕೆಂದರೆ ನಮಗೂ ತಿಳಿಯುತ್ತಿರಲಿಲ್ಲ. ಈಗ ಮುಚ್ಚುವುದಕ್ಕೆ ಏನೂ ಇಲ್ಲ. ಅಗ್ಗವಾದಾಗ ಒಟ್ಟಿಗೆ ಕೊಂಡು ತಿಂಗಳುಗಟ್ಟಲೆ ಇಟ್ಟುಕೊಳ್ಳುವಂತಿಲ್ಲ, ತಾಜಾ ಎಣ್ಣೆಯನ್ನು ಸ್ವಲ್ಪ ಸ್ವಲ್ಪವಾಗಿ ತರಿಸಬೇಕು. ಸ್ವಲ್ಪ ಕೊಳ್ಳುವವನಿಗೆ ಸಗಟು ದರ ಯಾರೂ ಕೊಡುವುದಿಲ್ಲ.

ಇಡಿಟಿಎ ಮಾಡುತ್ತಿದ್ದದ್ದು ಇನ್ನೂ ಸೂಕ್ಷ್ಮವಾದ ಕೆಲಸ. ಅದು ವಿಷವೆಂದು ನಾವು ತೆಗೆದಿಲ್ಲ. ನಿಸರ್ಗದಲ್ಲಿ ಬೇಗ ವಿಘಟನೆಯಾಗದೆ ನೀರಿನಲ್ಲಿ ಉಳಿಯುತ್ತದೆಂಬ ಕಾರಣಕ್ಕೆ ತೆಗೆದೆವು. ನೀರಿನಲ್ಲಿಯೂ ಪಾತ್ರೆಯಲ್ಲಿಯೂ ಇರುವ ಕಬ್ಬಿಣ, ತಾಮ್ರಗಳ ಅಣುಗಾತ್ರದ ಅಂಶಗಳನ್ನು ಅದು ಕಟ್ಟಿಹಾಕುತ್ತಿತ್ತು. ಕಟ್ಟಿಹಾಕದಿದ್ದರೆ ಆ ಲೋಹಗಳು ಸಾಬೂನಿನಲ್ಲಿ ಉಳಿದ ಎಣ್ಣೆ ಕಮಟುವುದನ್ನು ಚುರುಕುಗೊಳಿಸುತ್ತವೆ. ಚರ್ಮ ಒಣಗದಿರಲೆಂದು ನಾವು ಶೇಕಡ 5ರಷ್ಟು ಎಣ್ಣೆಯನ್ನು ಬೇಕೆಂದೇ ಸಾಬೂನಾಗದಂತೆ ಬಿಡುತ್ತೇವೆ. ಕಮಟುವುದು ಮುಖ್ಯವಾಗಿ ಅದೇ. ಇಡಿಟಿಎ ಇಲ್ಲದೆ ಮಾಡಿದ ಮೊದಲ ಪಾಕದ ಬಿಲ್ಲೆಗಳನ್ನು ಒಣಗಲು ಇಟ್ಟು ಮೂರು ವಾರ ಕಳೆದ ಮೇಲೆ ನೋಡಿದರೆ, ಕೆನೆಬಣ್ಣದ ಮೈಮೇಲೆ ಸಾಸಿವೆ ಕಾಳಿನಷ್ಟು ಕಿತ್ತಳೆ ಚುಕ್ಕೆಗಳು ಎದ್ದಿದ್ದವು. ಮುಟ್ಟಿದರೆ ಅಲ್ಲಿ ಜಿಗುಟು, ಮೂಸಿದರೆ ಹಳೆಯ ಕರಿದೆಣ್ಣೆಯ ವಾಸನೆ. ಬಟ್ಟೆ ಒಗೆಯಲು ಇಟ್ಟುಕೊಂಡ ಕೆಲವನ್ನು ಬಿಟ್ಟರೆ ಆ ಪಾಕವಿಡೀ ವ್ಯರ್ಥವಾಯಿತು. ಆ ಮೇಲೆ ಬಟ್ಟಿ ಇಳಿಸಿದ ನೀರಿಗೆ ಬದಲಾದೆವು, ಪಾತ್ರೆಗಳನ್ನೆಲ್ಲ ಸ್ಟೇನ್‌ಲೆಸ್ ಸ್ಟೀಲಿಗೆ ಬದಲಾಯಿಸಿದೆವು, ಬೇಗ ಕಮಟುವ ಎಣ್ಣೆಗಳ ಪಾಲನ್ನು ತಗ್ಗಿಸಿ ಕಮಟುವುದನ್ನು ನಿಧಾನಗೊಳಿಸುವ ರೋಸ್‌ಮರಿ ಎಂಬ ಗಿಡದ ಸತ್ವವನ್ನು ಸೇರಿಸಿದೆವು. ಎಣ್ಣೆಯ ಪಾಲು ಬದಲಾದರೆ ಕ್ಷಾರದ ಲೆಕ್ಕವೂ ಬದಲಾಗುತ್ತದೆ, ಲೆಕ್ಕ ಬದಲಾದರೆ ಪರೀಕ್ಷೆಗೆ ಮತ್ತೆ ಕಳುಹಿಸಬೇಕು. ಪ್ರಯೋಗಾಲಯದವರು ಪಾಕ ದೊಡ್ಡದೋ ಚಿಕ್ಕದೋ ಎಂದು ನೋಡಿ ಶುಲ್ಕ ಹಾಕುವುದಿಲ್ಲ. ಸಾವಿರಾರು ಬಿಲ್ಲೆಗಳ ಮೇಲೆ ಹಂಚಿಹೋಗಬಹುದಾದ ಶುಲ್ಕ ನಮ್ಮಲ್ಲಿ ಕೆಲವೇ ನೂರರ ಮೇಲೆ ಬೀಳುತ್ತದೆ.

ಕಾಯುವಿಕೆಗೂ ಖರ್ಚಿದೆ. ಅಚ್ಚಿನಿಂದ ತೆಗೆದಾಗ 115 ಗ್ರಾಂ ತೂಗುವ ಬಿಲ್ಲೆ 6 ವಾರ ಒಣಗಿ 100 ಗ್ರಾಂಗೆ ಇಳಿದ ಮೇಲೆಯೇ ನಿಮಗೆ ಕೊಡುತ್ತೇವೆ. ಬೇಗ ಕೊಟ್ಟರೆ ನೀರಿನ ತೂಕಕ್ಕೂ ದುಡ್ಡು ಬರುತ್ತದೆ, ಆದರೆ ಅಂಥ ಬಿಲ್ಲೆ ನಿಮ್ಮ ಬಚ್ಚಲಲ್ಲಿ ವಾರದೊಳಗೆ ಲೋಳೆಯಾಗುತ್ತದೆ. ಸಾಬೂನಾಗುವಾಗ ಹುಟ್ಟುವ ಗ್ಲಿಸರಿನ್ನನ್ನು ದೊಡ್ಡ ಕಾರ್ಖಾನೆಗಳು ಸಾಮಾನ್ಯವಾಗಿ ಬೇರ್ಪಡಿಸಿ ಮಾರುತ್ತವೆ. ಚರ್ಮದ ತೇವ ಉಳಿಸುವ ಆ ಅಂಶವನ್ನು ನಾವು ಬಿಲ್ಲೆಯಲ್ಲಿಯೇ ಬಿಡುತ್ತೇವೆ. ಸುಗಂಧದಿಂದ ಉಳಿದ ಹಣ ಈ ಲೆಕ್ಕದ ಮೊದಲ ಸಾಲಿಗೇ ಸಾಲಲಿಲ್ಲ. ಏರಿಸಿದ ಬೆಲೆಯಲ್ಲಿ ನಮ್ಮ ಲಾಭದ ಪಾಲು ಮೊದಲಿಗಿಂತ ಕಡಿಮೆಯಾಗಿದೆಯೇ ಹೊರತು ಹೆಚ್ಚಾಗಿಲ್ಲ. ಲೆಕ್ಕದ ಪುಸ್ತಕ ನೋಡಬೇಕೆನ್ನುವ ಯಾವ ಗ್ರಾಹಕರಿಗೂ ಅದನ್ನು ತೆರೆದು ತೋರಿಸುತ್ತೇವೆ.

‘ರಾಸಾಯನಿಕ ಮುಕ್ತ’ ಎಂಬ ಮಾತನ್ನು ಅಳಿಸಿದ್ದೇಕೆಂದರೆ ಅದು ಸುಳ್ಳಾಗಿತ್ತು. ಕ್ಷಾರವಿಲ್ಲದೆ ಸಾಬೂನಿಲ್ಲ. ಒಂದು ಕಿಲೋ ಕೊಬ್ಬರಿ ಎಣ್ಣೆ ಸಾಬೂನಾಗಲು ಸುಮಾರು 180 ಗ್ರಾಂ ಕಾಸ್ಟಿಕ್ ಸೋಡಾ ಬೇಕು. ಪಾಕ ಸರಿಯಾಗಿ ಕೂಡಿದರೆ ಅದೆಲ್ಲ ಎಣ್ಣೆಯೊಂದಿಗೆ ಸೇರಿ ಸಾಬೂನೂ ಗ್ಲಿಸರಿನ್ನೂ ಆಗುತ್ತದೆ, ಕಾಸ್ಟಿಕ್ ಆಗಿ ಉಳಿಯುವುದಿಲ್ಲ. ಹಾಗಿದ್ದರೂ ನಿಜವಾದ ಸಾಬೂನಿನ ಪಿಎಚ್ 9ರಿಂದ 10ರ ಆಸುಪಾಸಿನಲ್ಲಿರುತ್ತದೆ, ಚರ್ಮದ್ದು 5ರ ಸುಮಾರು. ತೀರಾ ಒಣಚರ್ಮದವರಿಗೆ, ಎಕ್ಸಿಮಾ ಇರುವವರಿಗೆ ನಮ್ಮ ಸಾಬೂನೂ ಒಗ್ಗದಿರಬಹುದು. ಅಂಥವರಿಗೆ ವೈದ್ಯರು ಹೇಳುವ, ಸಾಬೂನೇ ಅಲ್ಲದ ಸೌಮ್ಯ ಕೃತಕ ಬಿಲ್ಲೆ ಮೇಲು. ಮಾರುವವರ ಬಾಯಲ್ಲಿ ಈ ಮಾತು ವಿಚಿತ್ರವಾಗಿ ಕೇಳಿಸಬಹುದು, ಆದರೆ ಆ ಬಿರುಕುಬಿಟ್ಟ ಕೈಗಳನ್ನು ನೋಡಿದ ಮೇಲೆ ಹೇಳದೆ ಇರಲಾರೆವು.

ಅಂಟುವಾಳ, ಸೀಗೆಕಾಯಿಗಳ ಬಗ್ಗೆಯೂ ಕೇಳುತ್ತಿದ್ದೀರಿ. ಅವುಗಳಲ್ಲಿರುವ ಸಪೋನಿನ್ ನೊರೆಯೆಬ್ಬಿಸಿ ಜಿಡ್ಡು ತೆಗೆಯುತ್ತದೆ, ಸಾಬೂನಿನಷ್ಟು ಕ್ಷಾರೀಯವೂ ಅಲ್ಲ. ಆದರೆ ಕಣ್ಣಿಗೆ ಬಿದ್ದರೆ ಚೆನ್ನಾಗಿ ಉರಿಯುತ್ತದೆ, ನೊರೆಯೂ ಸಾಬೂನಿನಷ್ಟು ಬರುವುದಿಲ್ಲ. ಅವುಗಳ ಕಷಾಯವನ್ನು ಬಾಟಲಿಯಲ್ಲಿ ತುಂಬಿ ಕೊಡಿ ಎಂಬ ಬೇಡಿಕೆಯನ್ನು ಮಾತ್ರ ಒಪ್ಪಲಾರೆವು, ಏಕೆಂದರೆ ಅದು ಕೆಲವೇ ದಿನಗಳಲ್ಲಿ ಹುಳಿಯಾಗುತ್ತದೆ. ಹುಳಿಯಾಗದಂತೆ ಮಾಡಲು ಹೋದರೆ ಮತ್ತೆ ಅದೇ ಸಂರಕ್ಷಕದ ಬಾಗಿಲಿಗೆ ಹೋಗಿ ನಿಲ್ಲಬೇಕು. ಒಣಪುಡಿಯನ್ನು ಕೊಡುತ್ತೇವೆ, ಅಂದಂದಿಗೆ ಬೇಕಾದಷ್ಟನ್ನೇ ನೆನೆಸಿಕೊಳ್ಳಿ.

ಹೊಸ ಬಿಲ್ಲೆಯನ್ನು ನೀರು ಬಸಿದುಹೋಗುವ ತಟ್ಟೆಯ ಮೇಲಿಡಿ ಮತ್ತು ಒಂದು ವರ್ಷದೊಳಗೆ ಬಳಸಿ ಮುಗಿಸಿ. ಬಳಸದೆ ಇಟ್ಟಿದ್ದಾಗ ಕಿತ್ತಳೆ ಚುಕ್ಕೆ ಕಂಡರೆ ಹಿಂದಿರುಗಿಸಿ, ಬೇರೆ ಕೊಡುತ್ತೇವೆ. ಯಾವ ಪಾಕದ್ದೆಂದು ತಿಳಿಯುವ ಸಂಖ್ಯೆ ಹೊದಿಕೆಯ ಅಂಚಿನಲ್ಲಿದೆ, ದಯವಿಟ್ಟು ಹರಿದು ಎಸೆಯಬೇಡಿ. ಪ್ರತಿ ಪಾಕದ ಮೊದಲ ನಾಲ್ಕು ಬಿಲ್ಲೆಗಳನ್ನು ನಾವೇ ನಮ್ಮ ಮನೆಗಳಲ್ಲಿ ಬಳಸುತ್ತೇವೆ, ಹಾಗಾಗಿ ತಪ್ಪಾದರೆ ಮೊದಲು ತಿಳಿಯುವುದು ನಮ್ಮ ಮೈಗೇ.

ಹಳೆಯ ದ್ರವದ ಬಾಟಲಿ ನಿಮ್ಮಲ್ಲಿ ಉಳಿದಿದ್ದರೆ, ಅರ್ಧ ಬಳಸಿದ್ದಾದರೂ ಸರಿ, ತಂದುಕೊಡಿ. ಪ್ರತಿ ಬಾಟಲಿಗೆ ಎರಡು ಬಿಲ್ಲೆ ಕೊಡುತ್ತೇವೆ. ಆ ದ್ರವದಿಂದ ಕೈಗೆ ತುರಿಕೆಯೋ ಬಿರುಕೋ ಆಗಿದ್ದವರು ಬಳಸುವುದನ್ನು ಇಂದೇ ನಿಲ್ಲಿಸಿ, ಚರ್ಮವೈದ್ಯರಿಗೆ ತೋರಿಸುವಾಗ ಬಾಟಲಿಯನ್ನೂ ಜೊತೆಗೆ ಒಯ್ಯಿರಿ, ಆಮೇಲೆ ನಮಗೂ ಒಂದು ಮಾತು ತಿಳಿಸಿ.

ಇಂತಿ ನಿಮ್ಮ ವಿಶ್ವಾಸಿಗಳು,
ಸಾಬೂನು ತಯಾರಕರ ಬಳಗದ ಪರವಾಗಿ